ಎರಡು ಹಳೆಯ ಮೋಟಾರುಗಳ ತಾರತಮ್ಯ ವಿಚಾರ

ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿರಿಸಿ ಇದು ಮೇಲೋ ಅದು ಮೇಲೋ ಎಂದು ನಿರ್ಣಯಿಸುವ ಚಪಲವು ಮನುಷ್ಯನಿಗೆ ಸಹಜವಾದುದು. ಕವಿಗಳಲ್ಲಿ ಹಿರಿಯರಾರು, ಮಾವಿನಲ್ಲಿ ರಸಪುರಿ ಲೇಸೋ ಬಾದಾಮಿ ಲೇಸೋ, ಹೇಮಾವತಿಯ ನೀರು ರುಚಿಯೋ ಕಾವೇರಿಯ ನೀರು ರುಚಿಯೋ ಎಂಬ ವಾದಗಳು ನಮ್ಮ ಜಗುಲಿಗಳಲ್ಲಿ ಅನೇಕ ಸಂಜೆಗಳನ್ನು ಸುಖವಾಗಿ ಕಳೆಯಿಸಿವೆ. ಇಂತಹ ವಾದಗಳಿಂದ ಯಾರಿಗೂ ನಷ್ಟವಿಲ್ಲ. ಏಕೆಂದರೆ ನಿರ್ಣಯವಾದ ಮೇಲೆಯೂ ಇಬ್ಬರೂ ತಮಗೆ ಬೇಕಾದ ಹಣ್ಣನ್ನೇ ತಿನ್ನುವರು. ಆದರೆ ನಿರ್ಣಯದ ಬೆನ್ನಿಗೆ ಒಬ್ಬರ ಕೂಡಿಟ್ಟ ಹಣವೂ ಮತ್ತೊಬ್ಬರ ಮನೆಯ ಮರ್ಯಾದೆಯೂ ಅಂಟಿಕೊಂಡಿರುವಾಗ ತಾರತಮ್ಯವು ವಿನೋದವಾಗಿ ಉಳಿಯುವುದಿಲ್ಲ. ಅಂತಹ ಒಂದು ಪ್ರಸಂಗವು ನನಗೆ ಕಳೆದ ಮಾಗಿಯಲ್ಲಿ ಒದಗಿತು.

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಶಬ್ದರೂಪ ಧಾತುರೂಪಗಳನ್ನು ಹೇಳಿಕೊಟ್ಟು ವಿಶ್ರಾಂತನಾದವನು ಅಮೆರಿಕಾ ದೇಶದ ಮೋಟಾರು ಗಾಡಿಗಳನ್ನು ಕುರಿತು ಬರೆಯಹೊರಡುವುದು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ನನಗೆ ಗಾಡಿಯನ್ನು ನಡೆಸಲು ಬಾರದು. ಆದರೆ ಹಾಸನದಲ್ಲಿ ಒಂದು ಚಿಕ್ಕ ಗ್ಯಾರೇಜನ್ನಿಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಒಂದು ದಿನ ಮನೆಗೆ ಬಂದು, “ಮೇಷ್ಟ್ರೇ, ಎರಡು ಹಳೇ ಗಾಡಿ ನೋಡಿದ್ದೀನಿ. ಒಂದನ್ನು ಕೊಳ್ಳಬೇಕು ಅಂತ ಹನ್ನೆರಡು ವರ್ಷದಿಂದ ದುಡ್ಡು ಕೂಡಿಟ್ಟಿದ್ದೀನಿ. ಯಂತ್ರ ನಾನು ನೋಡ್ತೀನಿ, ನೀವು ನ್ಯಾಯ ನೋಡಿ” ಎಂದನು. ವ್ಯಾಕರಣದಲ್ಲಿ ಸದಾ ಹಿಂದೆ ಬೀಳುತ್ತಿದ್ದ ಆ ಹುಡುಗನು ತರಗತಿಯ ಮುರಿದ ಗಡಿಯಾರವನ್ನು ಬಿಚ್ಚಿ ನಡೆಯುವಂತೆ ಮಾಡಿದ್ದನು. ಅವನ ಮಾತನ್ನು ತೆಗೆದುಹಾಕಲು ನನಗೆ ಮನಸ್ಸಾಗಲಿಲ್ಲ.

ಮೀಮಾಂಸಕರು ಒಂದು ಪ್ರಶ್ನೆಯನ್ನು ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂಬ ಐದು ಅಂಗಗಳಾಗಿ ವಿಂಗಡಿಸುವರು. ಮೋಟಾರಿಗೂ ಈ ಕ್ರಮವು ಒಗ್ಗುವುದೆಂದು ನನಗೆ ಆ ದಿನ ತಿಳಿಯಿತು.

ಮೊದಲು ವಿಷಯ. ಒಂದು, 1947ನೆಯ ವರ್ಷದ ಷೆವರ್ಲೆ. ಅರಕಲಗೂಡಿನಲ್ಲಿ ಹಿಂದೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ಮನೆತನದ್ದು. ಇನ್ನೊಂದು, 1948ನೆಯ ವರ್ಷದ ಪ್ಲಿಮತ್. ಚನ್ನರಾಯಪಟ್ಟಣದಲ್ಲಿ ಬಾಡಿಗೆಗೆ ಓಡುತ್ತಿದ್ದುದು. ಈಗಿನವರು ಇಂತಹವನ್ನು ‘ಪೂರ್ಣಗಾತ್ರ’ದ ಅಮೆರಿಕನ್ ಗಾಡಿಗಳೆಂದು ಕರೆಯುವರು. ವಿಶೇಷಣದ ಕೆಲಸವು ಇತರವನ್ನು ಬೇರ್ಪಡಿಸುವುದೆಂದು ತರ್ಕದಲ್ಲಿ ಹೇಳುವುದುಂಟು. ಈ ಗಾಡಿಗಳು ಹುಟ್ಟಿದಾಗ ಬೇರ್ಪಡಿಸಬೇಕಾದ ಇತರವೇ ಅಲ್ಲಿ ಹೆಚ್ಚಾಗಿರಲಿಲ್ಲ. ಸುಮಾರು 1960ರಲ್ಲಿ ಆ ದೇಶದ ದೊಡ್ಡ ಕಾರ್ಖಾನೆಗಳು ಸಣ್ಣ ಗಾಡಿಗಳನ್ನು ಮಾಡತೊಡಗಿದ ಮೇಲೆಯೇ ಆ ಹೆಸರಿಗೆ ಅರ್ಥ ಬಂದಿತು. ಅಲ್ಲಿ ಇವು ಸಾಮಾನ್ಯ ಗೃಹಸ್ಥನ ಅಗ್ಗದ ಗಾಡಿಗಳು. ನಮ್ಮಲ್ಲಿ ಜಮೀನ್ದಾರರ, ಕಾಫಿ ತೋಟದವರ, ವಕೀಲರ ವೈಭವ. ಒಂದೇ ವಸ್ತುವು ಸಮುದ್ರವನ್ನು ದಾಟಿದ ಮಾತ್ರಕ್ಕೆ ವರ್ಣಾಂತರವನ್ನು ಹೊಂದಿತು.

ಇವು ನಮ್ಮ ಕಡೆಗೆ ಬಂದ ದಾರಿಯೂ ತಿಳಿಯತಕ್ಕದ್ದು. ಷೆವರ್ಲೆಯನ್ನು ಮಾಡುವ ಜನರಲ್ ಮೋಟಾರ್ಸ್ ಸಂಸ್ಥೆಯವರು 1928ರಲ್ಲಿಯೇ ಮುಂಬಯಿಯಲ್ಲಿ ಬಿಡಿಭಾಗಗಳನ್ನು ಜೋಡಿಸುವ ಕಾರ್ಖಾನೆಯನ್ನು ತೆರೆದರು. ಪ್ಲಿಮತ್ ಕ್ರೈಸ್ಲರ್ ಸಂಸ್ಥೆಯ ಕೂಸು. ಅದರ ಜನನವೂ 1928ರಲ್ಲಿಯೇ. ಇದರ ಕಥೆಯಲ್ಲಿ ಮೈಸೂರಿಗೂ ಒಂದು ಪಾಲುಂಟು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ಮಧ್ಯದಲ್ಲಿ ನಮ್ಮ ದೇಶದಲ್ಲಿಯೇ ಮೋಟಾರು ಕಾರ್ಖಾನೆಯನ್ನು ಸ್ಥಾಪಿಸಬೇಕೆಂದು ಯೋಜನೆಯನ್ನು ಸಿದ್ಧಪಡಿಸಿದರು. ವಾಲಚಂದ ಹೀರಾಚಂದರು ಅದನ್ನು ಕೈಗೆತ್ತಿಕೊಂಡು ಕ್ರೈಸ್ಲರ್ ಸಂಸ್ಥೆಯೊಡನೆ ಮಾತುಕತೆ ನಡೆಸಿದರು; ಮೈಸೂರು ಸರ್ಕಾರವು ಬೆಂಗಳೂರಿನಲ್ಲಿ ಅದಕ್ಕೆ ನೆರವಾಗಲು ಒಪ್ಪಿತ್ತು. ಬ್ರಿಟಿಷ್ ಸರ್ಕಾರದವರು ಯುದ್ಧಕಾಲದಲ್ಲಿ ಅದಕ್ಕೆ ಎಡೆಗೊಡಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂದಿತು. ಮೋಟಾರಿನದು 1944ರಲ್ಲಿ ಪ್ರೀಮಿಯರ್ ಎಂಬ ಹೆಸರಿನಿಂದ ಮುಂಬಯಿಯಲ್ಲಿ ಸ್ಥಾಪಿತವಾಗಿ, 1947ರಲ್ಲಿ ಕುರ್ಲಾದಿಂದ ಗಾಡಿಗಳನ್ನು ಹೊರಡಿಸಿತು. ಕಾಲವು ಸ್ವಲ್ಪ ಅನುಕೂಲಿಸಿದ್ದರೆ ಪ್ಲಿಮತ್ತು ಬೆಂಗಳೂರಿನಿಂದಲೇ ಹಾಸನಕ್ಕೆ ಬರುತ್ತಿತ್ತು.

ಇನ್ನು ಸಂಶಯ. ಇಬ್ಬರೂ ಒಂದೇ ಅಂಗಡಿಯ ಅಕ್ಕಿ ತಿಂದವರಂತೆ ತೋರುವರು. ಷೆವರ್ಲೆಯ ಚಕ್ರಾಂತರ 116 ಅಂಗುಲ, ಪ್ಲಿಮತ್ತಿನದು 117. ಎರಡಕ್ಕೂ ಸಾಲಾಗಿ ನಿಂತ ಆರು ಸಿಲಿಂಡರುಗಳು. ಅವುಗಳ ಒಟ್ಟು ಗಾತ್ರ ಒಂದರಲ್ಲಿ 216.5 ಘನ ಅಂಗುಲ, ಇನ್ನೊಂದರಲ್ಲಿ 217.8. ಶಕ್ತಿಯು ಒಂದಕ್ಕೆ 90 ಕುದುರೆ, ಇನ್ನೊಂದಕ್ಕೆ 95. ಎರಡಕ್ಕೂ ಮೂರು ಗೇರು, ಆರು ವೋಲ್ಟಿನ ಬ್ಯಾಟರಿ, ಗೇರಿನ ಕೋಲು ಚುಕ್ಕಾಣಿಯ ಕಂಬದಲ್ಲಿ. ಹೀಗಿರುವಲ್ಲಿ ಹೆಚ್ಚುಕಡಮೆ ಎಲ್ಲಿ?

ಅರಕಲಗೂಡಿಗೆ ನಾವು ಬೆಳಗ್ಗೆ ಹೋದೆವು. ಮನೆಯ ಹಿಂದಣ ಗಾಡಿಕೊಟ್ಟಿಗೆಯಲ್ಲಿ, ಒಡೆದ ಹಂಚುಗಳ ಕೆಳಗೆ, ಕಪ್ಪು ಬಣ್ಣದ ಷೆವರ್ಲೆಯು ನಾಲ್ಕು ಇಟ್ಟಿಗೆಯ ಗುಡ್ಡೆಗಳ ಮೇಲೆ ನಿಂತಿದ್ದಿತು. ಮೂವರು ಅಣ್ಣತಮ್ಮಂದಿರು ಹಿಸ್ಸೆಯ ಮಾತಿನಲ್ಲಿದ್ದಾರೆ. ಹಿರಿಯರು ಮಾರಬೇಕೆನ್ನುವರು, ನಡುವಣವರು ಬೆಲೆ ಏರಲಿ ಎನ್ನುವರು, ಕಿರಿಯರು ತಂದೆ ಕುಳಿತ ಗಾಡಿಯನ್ನು ಮಾರಬಾರದೆನ್ನುವರು. 1971ರಿಂದ ಅದು ನಿಂತಲ್ಲಿಯೇ ನಿಂತಿದೆ. ಒಳಗಣ ಮೆತ್ತೆಯನ್ನು ಇಲಿಗಳು ಬಿಟ್ಟಿಲ್ಲವಾದರೂ ಯಂತ್ರವನ್ನಾಗಲಿ ಒಡಲನ್ನಾಗಲಿ ಯಾರೂ ಬದಲಿಸಿಲ್ಲ. ನನ್ನ ಶಿಷ್ಯನು ಬಾನೆಟ್ಟನ್ನು ಎತ್ತಿ, ದೇವರ ಕೋಣೆಗೆ ಹೋದವನಂತೆ ಸ್ವಲ್ಪ ಹೊತ್ತು ಸುಮ್ಮನಿದ್ದನು.

ಅವನು ನನಗೆ ತಿಳಿಸಿದ ವಿವರವನ್ನು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಷೆವರ್ಲೆಯ ಯಂತ್ರದಲ್ಲಿ ಕವಾಟಗಳು ಸಿಲಿಂಡರಿನ ನೆತ್ತಿಯ ಮೇಲಿವೆ. 1929ರಿಂದಲೂ ಆ ಮನೆಯ ಆರು ಸಿಲಿಂಡರಿನ ಗಾಡಿಗಳಿಗೆ ಇದೇ ಪದ್ಧತಿ. ಉಸಿರಾಟ ಸಲೀಸು, ಮೇಲಿನ ಮುಚ್ಚಳವನ್ನು ತೆಗೆದರೆ ಕವಾಟಗಳ ಸಡಿಲವನ್ನು ನಿಂತಲ್ಲಿಯೇ ಸರಿಪಡಿಸಬಹುದು. ಆದರೆ ಪಿಸ್ಟನ್ನಿನ ದಂಡಗಳ ಬುಡಕ್ಕೆ ಎಣ್ಣೆಯನ್ನು ಒತ್ತಿ ಕಳುಹಿಸುವ ಏರ್ಪಾಡಿಲ್ಲ. ದಂಡದ ತುದಿಯಲ್ಲಿ ಒಂದು ಸಣ್ಣ ಸೌಟಿನಂತಹುದಿದ್ದು, ಅದು ತಿರುಗುವಾಗ ಎಣ್ಣೆಯನ್ನು ಮೊಗೆದುಕೊಳ್ಳುವುದು. ಅಲ್ಲಿನ ಬೇರಿಂಗುಗಳೋ ಬ್ಯಾಬಿಟ್ ಎಂಬ ಮೆದುವಾದ ಲೋಹವನ್ನು ಕರಗಿಸಿ ಎರಕ ಹೊಯ್ದವು. ನಿಧಾನವಾಗಿ ನಡೆಯುವ ಗೃಹಸ್ಥನಿಗೆ ಅದು ಬಹುಕಾಲ ಬಾಳುವುದು. ಘಂಟೆಗಟ್ಟಲೆ ಓಡಿಸಿದರೆ ತಾಳದು. ಸವೆದರೆ ಎರಕ ಹೊಯ್ಯಬಲ್ಲ ಕುಶಲಿಗಳು ಈಗ ವಿರಳ. ಗೇರು ಬದಲಿಸುವಾಗ ಚಾಲಕನ ಕೈಗೆ ಯಂತ್ರದ ನಿರ್ವಾತವೇ ಸಹಾಯ ಮಾಡುವಂತೆ ಒಂದು ಜಾಣ ಏರ್ಪಾಡೂ ಇದೆ. ಅದು ಕೆಟ್ಟರೆ ಸಹಾಯವೇ ಭಾರವಾಗುವುದಂತೆ. ಸಂಸಾರದಲ್ಲಿಯೂ ಇಂತಹ ಸಹಾಯಕರನ್ನು ನಾವು ಕಂಡಿಲ್ಲವೆ?

ಮಧ್ಯಾಹ್ನಕ್ಕೆ ಹೊಳೆನರಸೀಪುರಕ್ಕೆ ಬಂದು, ಪರಿಚಯದವರ ಮನೆಯಲ್ಲಿ ಊಟ ಮಾಡಿ, ಹೊಳೆಯ ದಡದಲ್ಲಿ ಕುಳಿತೆವು. ಅಲ್ಲಿ ಶಿಷ್ಯನು ಪೂರ್ವಪಕ್ಷವನ್ನು ಮಂಡಿಸಿದನು. ಹಳೆಯ ಗಾಡಿಗಳನ್ನು ಸಂಗ್ರಹಿಸುವವರ ಲೋಕದಲ್ಲಿ ಮೂಲರೂಪಕ್ಕೇ ಪ್ರಾಧಾನ್ಯ. ಯಂತ್ರದ ಮೇಲೆ ಕೊರೆದ ಸಂಖ್ಯೆಯು ದಾಖಲೆಯ ಸಂಖ್ಯೆಗೆ ಹೊಂದಬೇಕು. ಧರ್ಮಸ್ಥಳದ ಮೋಟಾರು ಸಂಗ್ರಹವನ್ನಾಗಲಿ ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯವನ್ನಾಗಲಿ ನೋಡಿದವರಿಗೆ ಈ ಆಸೆಯ ಬಲವು ತಿಳಿಯುವುದು. ಕಾನೂನೂ ಹಾಗೆಯೇ ಹೇಳುತ್ತದೆ. 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಹೊರಡಿಸಿದ ನಿಯಮದಂತೆ, ಐವತ್ತು ವರ್ಷಕ್ಕೆ ಮೇಲ್ಪಟ್ಟು, ಚೌಕಟ್ಟು ಒಡಲು ಯಂತ್ರಗಳಲ್ಲಿ ಹೆಚ್ಚಿನ ಮಾರ್ಪಾಟಿಲ್ಲದೆ ಮೂಲರೂಪದಲ್ಲಿರುವ ಸ್ವಂತ ಉಪಯೋಗದ ಗಾಡಿಯು ಮಾತ್ರ ‘ವಿಂಟೇಜ್’ ಎಂದು ದಾಖಲಾಗಬಹುದು. ಅದಕ್ಕೆ ಹೊಸ ದಾಖಲೆಯ ಶುಲ್ಕ 20,000 ರೂಪಾಯಿ. ಸಂಖ್ಯಾಫಲಕದಲ್ಲಿ ರಾಜ್ಯದ ಅಕ್ಷರಗಳ ಮುಂದೆ ‘ವಿಎ’ ಎಂಬ ಗುರುತು. ಪ್ರದರ್ಶನಕ್ಕೆ, ರ‍್ಯಾಲಿಗೆ, ಸಂಶೋಧನೆಗೆ, ಎಣ್ಣೆ ತುಂಬಿಸುವುದಕ್ಕೆ, ದುರಸ್ತಿಗೆ ಹೊರತು ಅದನ್ನು ನಿತ್ಯದ ಓಡಾಟಕ್ಕೆ ಬಳಸಕೂಡದು.

“ಹಾಗಾಗಿ ಷೆವರ್ಲೆಯೇ ಸರಿ ಮೇಷ್ಟ್ರೇ. ಚನ್ನರಾಯಪಟ್ಟಣದ ಗಾಡಿಗೆ ಡೀಸೆಲ್ ಎಂಜಿನ್ ಕೂರಿಸಿಬಿಟ್ಟಿದ್ದಾರೆ. ಆದರೂ ಅದನ್ನು ನೋಡದೆ ಹೋಗೋಕೆ ಮನಸ್ಸಿಲ್ಲ” ಎಂದನು.

ಪೂರ್ವಪಕ್ಷವು ಬಲವಾಗಿಯೇ ಇದ್ದಿತು. ಅವಯವವೊಂದು ಹೋದರೆ ಹಳೆಯ ಅವಯವಿಯು ನಾಶವಾಗಿ ಹೊಸದೊಂದು ಹುಟ್ಟುವುದೆಂದು ನಮ್ಮ ನೈಯಾಯಿಕರೂ ಹೇಳುವರು. ಬಟ್ಟೆಯ ಒಂದು ಎಳೆಯನ್ನು ಕಿತ್ತರೆ ಉಳಿದದ್ದು ಬೇರೆಯೇ ಬಟ್ಟೆ. ಆದರೆ ಲೋಕದಲ್ಲಿ ‘ಅವನೇ ಇವನು’ ಎಂಬ ಪ್ರತ್ಯಭಿಜ್ಞೆಯೂ ಉಂಟಷ್ಟೆ. ಹಲ್ಲು ಕಟ್ಟಿಸಿಕೊಂಡ ಅಜ್ಜನನ್ನು ಮೊಮ್ಮಕ್ಕಳು ಬೇರೆಯವನೆಂದು ತಿಳಿಯುವರೆ? ಈ ಮಾತನ್ನು ನಾನು ಹೇಳಿದಾಗ ಅವನು, “ಹಲ್ಲು ಪರವಾಗಿಲ್ಲ ಮೇಷ್ಟ್ರೇ, ಇಲ್ಲಿ ಗುಂಡಿಗೆಯನ್ನೇ ತೆಗೆದಿದ್ದಾರೆ” ಎಂದನು.

ಚನ್ನರಾಯಪಟ್ಟಣದ ಮನೆಯಲ್ಲಿ ಎಂಬತ್ತರ ಹತ್ತಿರದ ವೃದ್ಧೆಯೊಬ್ಬರು ನಮಗೆ ಎಳನೀರು ಕೊಟ್ಟು ಕುಳ್ಳಿರಿಸಿದರು. ಅವರ ಮಾವನವರು ಆ ಗಾಡಿಯನ್ನು 1952ರಲ್ಲಿ ಎರಡನೆಯ ಕೈಯಿಂದ ಕೊಂಡುದು, ಮುಂದಣ ವರ್ಷ ಶ್ರವಣಬೆಳಗೊಳದಲ್ಲಿ ನಡೆಯಲಿದ್ದ ಮಹಾಮಸ್ತಕಾಭಿಷೇಕಕ್ಕೆ ಯಾತ್ರಿಕರನ್ನು ಕರೆದೊಯ್ಯುವುದಕ್ಕಾಗಿ. 1967ರ ಅಭಿಷೇಕಕ್ಕೆ ಯಜಮಾನರೇ ಚಾಲಕರು. ಮುಂದೆ ಪೆಟ್ರೋಲಿನ ಬೆಲೆ ಏರಿತು. 1975ರಲ್ಲಿ ಡೀಸೆಲ್ ಯಂತ್ರವನ್ನು ಕೂರಿಸಿದರು. 1981ರ ಅಭಿಷೇಕಕ್ಕೂ ಅದು ಓಡಿತು. ಇಬ್ಬರು ಹೆಣ್ಣುಮಕ್ಕಳ ಮದುವೆ, ಮಗನ ವಿದ್ಯಾಭ್ಯಾಸ ಎಲ್ಲವೂ ಅದರ ಚಕ್ರದ ಮೇಲೆಯೇ ನಡೆದುವು. ಕಡೆಗೆ ಬಾಡಿಗೆಯನ್ನು ಬಿಡಿಸಿ ಸ್ವಂತಕ್ಕೆ ಬರೆಸಿಕೊಂಡರು. ಯಜಮಾನರು ಹೋಗಿ ಒಂಬತ್ತು ವರ್ಷ. ದಲ್ಲಾಳಿಯೊಬ್ಬನು ಬಂದು ಕಬ್ಬಿಣದ ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದನು.

ಗಾಡಿಯ ಮೂತಿಯ ಮೇಲೆ ಹಾಯಿ ಬಿಚ್ಚಿದ ಹಡಗಿನ ಗುರುತು. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಾಕ್ಕೆ ಹೋಗಿ ಪ್ಲಿಮತ್ತಿನಲ್ಲಿ ನೆಲಸಿದವರ ಹಡಗದು. ಊರಿನ ಮಕ್ಕಳು ಇದನ್ನು ‘ಹಡಗಿನ ಕಾರು’ ಎನ್ನುತ್ತಿದ್ದರಂತೆ. ಶಿಷ್ಯನು ಎಡಗಡೆಯ ಚಕ್ರವೊಂದನ್ನು ಬಿಚ್ಚಲು ಪಾನಾವನ್ನು ಬಲಕ್ಕೆ ತಿರುಗಿಸಿದುದನ್ನು ಕಂಡು ನಾನು ತಡೆಯಹೋದೆ, ಅವನು ನಕ್ಕನು. ಆ ಕಂಪನಿಯ ಗಾಡಿಗಳಲ್ಲಿ ಎಡಗಡೆಯ ಬೋಲ್ಟುಗಳ ಮರೆಯು ತಿರುವುಮುರುವು. ಓಡುವಾಗ ತಾವಾಗಿಯೇ ಸಡಿಲವಾಗದಿರಲೆಂದು ಹಾಗೆ ಮಾಡಿದುದು. ಇದನ್ನರಿಯದೆ ಬೋಲ್ಟು ಮುರಿದವರು ಊರಿಗೊಬ್ಬರಿದ್ದಾರಂತೆ.

“ಅಮ್ಮಾ, ಹಳೇ ಎಂಜಿನ್ ಏನಾಯ್ತು?” ಎಂದು ಅವನು ಕೇಳಿದನು.

“ಎಲ್ಲಿ ಹೋಗ್ತದಪ್ಪಾ, ತೋಟದಾಗೇ ಅದೆ. ಕರೆಂಟು ಬರೋಗಂಟ ಅದರಾಗೇ ನೀರು ಎತ್ತಿದ್ದು” ಎಂದರು.

ತೆಂಗಿನ ತೋಟದ ಪಂಪುಮನೆಯಲ್ಲಿ, ತೆಂಗಿನ ಮಟ್ಟೆಗಳ ಕೆಳಗೆ, ಆ ಯಂತ್ರವು ಇದ್ದಿತು. ಇಲ್ಲಿ ಪ್ಲಿಮತ್ತಿನ ಗುಣವನ್ನು ಹೇಳಬೇಕು. ಇದರ ಕವಾಟಗಳು ನೆತ್ತಿಯ ಮೇಲಿಲ್ಲ, ಪಕ್ಕೆಯಲ್ಲಿವೆ. ನೆತ್ತಿಯು ಬರಿಯ ಒಂದು ಚಪ್ಪಟೆ ಮುಚ್ಚಳ. ಕವಾಟಗಳನ್ನು ಸರಿಪಡಿಸಲು ಪಕ್ಕದಿಂದ ಕೈತೂರಿಸಿ ಒದ್ದಾಡಬೇಕು. ಉಸಿರಾಟವೂ ಷೆವರ್ಲೆಯಷ್ಟು ಸಲೀಸಲ್ಲ. ಆದರೆ ಎಣ್ಣೆಯು ಒತ್ತಡದಿಂದ ಬೇರಿಂಗುಗಳಿಗೆಲ್ಲ ಹರಿಯುವುದು. ಬೇರಿಂಗುಗಳು ಎರಕದವಲ್ಲ, ಕಳಚಿ ಬದಲಿಸತಕ್ಕ ತೆಳುವಾದ ಓಡುಗಳು. ಮಿಶ್ರಣವನ್ನು ಇದು ಹೆಚ್ಚಾಗಿ ಒತ್ತುವುದಿಲ್ಲ. ಆರೂವರೆ ಪಾಲಿಗೆ ತುಸು ಮಿಕ್ಕು. ಆದುದರಿಂದಲೇ ಪೆಟ್ರೋಲಿನಲ್ಲಿ ಹೊರಡಿಸಿ ಸೀಮೆಎಣ್ಣೆಗೆ ತಿರುಗಿಸಿದರೂ ಅದು ಮುನಿಯದೆ ತೋಟಕ್ಕೆ ನೀರೆತ್ತಿತು. ಒಂದೇ ಮಾತಿನಲ್ಲಿ ಹೇಳುವುದಾದರೆ ಷೆವರ್ಲೆಯದು ವಿದಗ್ಧನ ಯಂತ್ರ, ಪ್ಲಿಮತ್ತಿನದು ದುಡಿಮೆಗಾರನ ಯಂತ್ರ.

ಶಿಷ್ಯನು ಡೀಸೆಲಿನಲ್ಲಿ ಅದ್ದಿದ ಬಟ್ಟೆಯಿಂದ ಯಂತ್ರದ ಎಡಮಗ್ಗುಲಿನ ಮುಂದಣ ಭಾಗವನ್ನು ಉಜ್ಜಿದನು. ಮೊದಲು ‘ಪಿ 15’ ಎಂಬ ಗುರುತೂ ಆಮೇಲೆ ಅಂಕೆಗಳೂ ಕಾಣಿಸಿಕೊಂಡುವು. ಅಜ್ಜಿಯವರು ಪೆಟ್ಟಿಗೆಯಿಂದ ತೆಗೆದುಕೊಟ್ಟಿದ್ದ ಆರ್.ಸಿ. ಪುಸ್ತಕವನ್ನು ನಾನು ಹಿಡಿದಿದ್ದೆ. ಅದರಲ್ಲಿ ಮೊದಲಿನ ಸಂಖ್ಯೆಯನ್ನು ಕೆಂಪು ಮಸಿಯಿಂದ ಹೊಡೆದು ಮೇಲೆ ಡೀಸೆಲ್ ಯಂತ್ರದ ಸಂಖ್ಯೆಯನ್ನು ಬರೆದಿದ್ದರು. ಹೊಡೆದ ಸಂಖ್ಯೆಯನ್ನು ನಾನು ಓದಿದೆ. ಅವನು ಬೆರಳಿಟ್ಟು ನೋಡಿದನು. ಒಂದಂಕೆಯೂ ತಪ್ಪಲಿಲ್ಲ.

ಆ ಕ್ಷಣದಲ್ಲಿ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಆ ಅಂಕೆಗಳ ಅರ್ಥವು ಅಲ್ಲಿದ್ದ ಮೂವರಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಒಡೆಯರಿಗೆ ಅದು ಗುಜರಿ. ಯಂತ್ರವನ್ನು ಗಾಡಿಯೊಡನೆ ಸೇರಿಸಿಕೊಂಡು ಹೋಗಿ ಎಂದು ಆಗಲೇ ಹೇಳಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಗಾಡಿಯೂ ಅದರ ಗುಂಡಿಗೆಯೂ ಕಬ್ಬಿಣದ ಬೆಲೆಗೆ ನಮ್ಮವಾಗುತ್ತಿದ್ದುವು. ಬಾಯಿ ತೆರೆದರೆ ಹನ್ನೆರಡು ವರ್ಷದ ಉಳಿತಾಯವೂ ಸಾಲದೆ ಹೋಗಬಹುದು. ಅವನು ಎದ್ದು ನನ್ನ ಮುಖವನ್ನು ನೋಡಿದನು. ನಾನು ಏನನ್ನೂ ಹೇಳಲಿಲ್ಲ. ಅವನು ಐವತ್ತು ದಾಟಿದವನು, ಮಕ್ಕಳ ತಂದೆ; ನಾನು ಬೆತ್ತ ಹಿಡಿದು ಉತ್ತರವನ್ನು ಹೊರಡಿಸುವ ಕಾಲವು ಮುಗಿದಿತ್ತು.

ಅವನು ಕೈಯನ್ನು ಒರೆಸಿಕೊಂಡು, “ಅಮ್ಮಾ, ಈ ಎಂಜಿನ್ ಈ ಗಾಡಿದೇ. ಇದನ್ನು ತಿರುಗಿ ಕೂರಿಸಿದರೆ ನಿಮ್ಮ ಗಾಡಿಗೆ ದಲ್ಲಾಳಿ ಹೇಳಿದ ಬೆಲೆಯ ಎಷ್ಟೋ ಪಟ್ಟು ಬರ್ತದೆ. ಬೆಂಗಳೂರಿನಲ್ಲಿರೋ ನಿಮ್ಮ ಮಗನ್ನ ಒಂದು ಮಾತು ಕೇಳಿ. ನನಗೆ ಕೊಡಲೇಬೇಕು ಅಂತಿಲ್ಲ” ಎಂದನು.

ಅಜ್ಜಿಯವರು ಸ್ವಲ್ಪ ಹೊತ್ತು ಯಂತ್ರವನ್ನೇ ನೋಡುತ್ತಿದ್ದು, “ಇದನ್ನ ನೀನ್ಯಾಕಪ್ಪಾ ಹೇಳ್ದೆ?” ಎಂದು ಕೇಳಿದರು. ಅವನಿಗೆ ಉತ್ತರ ಹೊಳೆಯಲಿಲ್ಲ. “ಹೇಳದೆ ಹೆಂಗಮ್ಮ ಇರೋದು” ಎಂದಷ್ಟೇ ಹೇಳಿದನು.

ಸಿದ್ಧಾಂತವನ್ನು ಈಗ ಸಂಗ್ರಹವಾಗಿ ಹೇಳಬಹುದು. ಗಾಡಿಯನ್ನು ಪ್ರದರ್ಶನದ ಕೊಠಡಿಯಲ್ಲಿ ನಿಲ್ಲಿಸಿ, ಹಬ್ಬಕ್ಕೊಮ್ಮೆ ಮೆಲ್ಲಗೆ ನಡೆಸುವ ಶ್ರೀಮಂತನಿಗೆ ಅರಕಲಗೂಡಿನ ಷೆವರ್ಲೆಯು ಲೇಸು. ಅದರ ಮೂಲರೂಪಕ್ಕೆ ಕುಂದಿಲ್ಲ, ಯಂತ್ರವೂ ನಯವಾದುದು. ತಾನೇ ಬಿಚ್ಚಿ, ತಾನೇ ಜೋಡಿಸಿ, ದೂರದ ರ‍್ಯಾಲಿಗೂ ಹೋಗಬೇಕೆನ್ನುವ ಕೈಗೆಲಸದವನಿಗೆ ಪ್ಲಿಮತ್ತು ಲೇಸು. ಅದರ ಬೇರಿಂಗು ಸಿಕ್ಕುವುದು, ಎಣ್ಣೆಯ ಏರ್ಪಾಡು ನಂಬತಕ್ಕದ್ದು. ಈ ಬಗೆಯ ಯಂತ್ರವನ್ನು ಪ್ಲಿಮತ್ತಿನಲ್ಲಿ 1959ರವರೆಗೂ ಇಡುತ್ತಿದ್ದುದರಿಂದ ಬಿಡಿಭಾಗಗಳಿಗೆ ಅಷ್ಟು ಬರವಿಲ್ಲ. ಆದರೆ ಮೂಲಯಂತ್ರವು ತಿರುಗಿ ಬರದಿದ್ದರೆ ಪ್ಲಿಮತ್ತಿಗೆ ಸಂಗ್ರಹಕಾರನ ದೃಷ್ಟಿಯಲ್ಲಿ ಸ್ಥಾನವಿಲ್ಲ. ಕಾನೂನಿನ ‘ವಿಎ’ ಗುರುತೂ ಇಲ್ಲ. ಅಧಿಕಾರಿಭೇದದಿಂದ ಫಲಭೇದ.

ಸಂಗತಿಯನ್ನೂ ಹೇಳಿ ಮುಗಿಸುವೆನು. ಎರಡು ತಿಂಗಳ ತರುವಾಯ ಅಜ್ಜಿಯವರ ಮಗನು ಬೆಂಗಳೂರಿನಿಂದ ಬಂದು ಹಾಸನದ ಗ್ಯಾರೇಜಿಗೇ ಹೋದನು. ಬೇರೆ ಕಡೆ ವಿಚಾರಿಸಿ ನಿಜವಾದ ಬೆಲೆಯನ್ನು ತಿಳಿದೇ ಬಂದಿದ್ದನು. ಅದನ್ನು ಇಳಿಸಲೂ ಇಲ್ಲ. ಆದರೆ ಅರ್ಧವನ್ನು ಈಗಲೂ ಉಳಿದರ್ಧವನ್ನು ಮೂರು ವರ್ಷದಲ್ಲಿಯೂ ಕೊಡಬಹುದೆಂದು ಒಪ್ಪಿದನು. ತಾಯಿಯ ಷರತ್ತು ಒಂದೇ: ದಲ್ಲಾಳಿಗೆ ಮಾರಕೂಡದು. ಈಗ ಪ್ಲಿಮತ್ತಿನ ಯಂತ್ರವು ಹಾಸನದಲ್ಲಿ ಮುಚ್ಚಳ ತೆರೆದುಕೊಂಡು ಮೇಜಿನ ಮೇಲೆ ಕುಳಿತಿದೆ. ಆರು ಪಿಸ್ಟನ್ನುಗಳಲ್ಲಿ ನಾಲ್ಕು ಹೊರಬಂದಿವೆ. ಎರಡು ಸೀಮೆಎಣ್ಣೆಯಲ್ಲಿ ನೆನೆಯುತ್ತ ಹಟ ಹಿಡಿದಿವೆ. ಶಿಷ್ಯನ ಹೆಂಡತಿಯು ಮನೆಯ ಮಾಡು ಸೋರುವುದನ್ನು ನನಗೆ ತೋರಿಸಿ, “ನೀವಾದರೂ ಹೇಳಬಾರದಿತ್ತೇ ಮೇಷ್ಟ್ರೇ” ಎಂದಳು. ಆಕೆಯ ಮಾತಿನಲ್ಲಿಯೂ ನ್ಯಾಯವಿಲ್ಲದಿಲ್ಲ. ಷೆವರ್ಲೆಯು ಇನ್ನೂ ಅರಕಲಗೂಡಿನ ಇಟ್ಟಿಗೆಗಳ ಮೇಲೆಯೇ ಇದೆ. ಅಣ್ಣತಮ್ಮಂದಿರ ವಿಚಾರವು ಪೂರ್ವಪಕ್ಷವನ್ನು ದಾಟಿಲ್ಲ.

ನಮ್ಮ ಈ ನಾಲ್ಕು ತಾಲ್ಲೂಕುಗಳ ಹಳೆಯ ಮನೆಗಳಲ್ಲಿ ಇಂತಹ ಗಾಡಿಗಳು ಇನ್ನೂ ಕೆಲವು ಹಂಚಿನ ಮರೆಯಲ್ಲಿರಬಹುದು. ಅವುಗಳ ಒಡೆಯರಲ್ಲಿ ನನ್ನದೊಂದು ಬಿನ್ನಹ. ತೂಕ ಹಾಕುವವನನ್ನು ಕರೆಯುವುದಕ್ಕೆ ಮೊದಲು ಆರ್.ಸಿ. ಪುಸ್ತಕವನ್ನು ಹುಡುಕಿರಿ. ಯಂತ್ರದ ಅಂಕೆಗಳನ್ನು ಅದರೊಡನೆ ಹೋಲಿಸಿ ನೋಡಿರಿ. ಹಳೆಯ ಯಂತ್ರವನ್ನು ತೆಗೆಸಿದ್ದರೆ ಅದು ಎಲ್ಲಿ ಹೋಯಿತೆಂದು ಮನೆಯ ಹಿರಿಯ ಹೆಂಗಸರನ್ನು ಕೇಳಿರಿ; ಗಂಡಸರು ಮರೆತುದು ಅವರಿಗೆ ನೆನಪಿರುತ್ತದೆ. ಗಾಡಿಯ ಮೇಲೆ ಮಳೆಯ ನೀರು ಬೀಳದಂತೆ ಒಂದೆರಡು ಹಂಚನ್ನು ಸರಿಪಡಿಸಿರಿ. ಮಾರುವುದೋ ಇಟ್ಟುಕೊಳ್ಳುವುದೋ ಆಮೇಲಿನ ಮಾತು.